ನಿಂಗವ್ವ ಪೇರಿಸಿದ ಕಲ್ಲು

ಅಮೆರಿಕದ ಕೇಟಿ ಊರಿನಲ್ಲಿ ಗ್ರಾನೈಟ್ ಮಾರುವ ದಾನಪ್ಪ ಚೂರು ಕಲ್ಲನ್ನೂ ಪುಕ್ಕಟೆ ಕೊಟ್ಟವನಲ್ಲ. ಹೆಂಡತಿ ನಿಂಗವ್ವ ಮಾತ್ರ ಆರ್ಕ್ಟಿಕ್ ಚಾರಣಕ್ಕೆ ಹೋದಾಗ, ಸ್ವಂತ ಮನೆಯಾಗಲೆಂದು ಹರಸಿಕೊಂಡು ದಾರಿಬದಿ ಕಲ್ಲು ಪೇರಿಸಿ ಬಂದಿದ್ದಳು. ಮನೆಯಾಯಿತು, ಗೃಹಪ್ರವೇಶಕ್ಕೆ ಮೊದಲೇ ಅವಳು ತೀರಿಕೊಂಡಳು.

ಹಿಮ ಕರಗುವುದನ್ನು ಗಮನಿಸಲು ಅಲ್ಲಿಯ ಊರವರು ಪ್ರತಿ ಬೇಸಿಗೆ ಅದೇ ಜಾಗದ ಫೋಟೋ ತೆಗೆದು, ಹಳೆಯ ಚಾರಣಿಗರಿಗೂ ಕಳಿಸುತ್ತಾರೆ. ಈ ಸಲ ಹಿಂದಿನ ಹಿಮವೆಲ್ಲ ಮಾಯ. ನಿಂಗವ್ವನ ಕಲ್ಲುಗಳು ಮಾತ್ರ ಹಾಗೇ ನಿಂತಿವೆ. ಅವನ್ನೇ ದಾರಿಗುರುತೆಂದು ನಂಬಿ ಜನ ಜೌಗಿಗೆ ಇಳಿಯುತ್ತಿದ್ದಾರೆ, ಕೆಡವಬಹುದೇ ಎಂದು ಊರವರು ದಾನಪ್ಪನನ್ನು ಕೇಳಿದ್ದರು.

"ಅಪ್ಪಾ, ಹೂಂ ಅನ್ರಿ. ಯಾರರ ಸತ್ತಾರು," ಎಂದಳು ಮಗಳು ವೈಷ್ಣವಿ.

"ಕೆಡವಿದ್ರ ನಿಮ್ಮವ್ವ ಎಲ್ಲಿರಬೇಕವಾ?"

ಕೊನೆಗೆ ಕೆಡವಿರೆಂದು ಬರೆದ. ಕರೆಂಟ್ ಬಿಲ್ಲಿಗೆ ಹೆದರುವ ದಾನಪ್ಪ, ಹಾಡಹಗಲೇ ಅವಳು ಕಾಲಿಡದ ಮನೆಯ ಬಾಗಿಲ ದೀಪ ಹಾಕಿದವನು ಇನ್ನೂ ಆರಿಸಿಲ್ಲ.