ಬಿಳಿ ಹೂವಿಗೆ ಇಟ್ಟ ಕಲ್ಲು

ಬೆಳಿಗ್ಗೆ ರಾಯಚೂರಿನ ಮಗಳ ಮನೆಯಲ್ಲಿ ಕುಂಡದ ಬಿಳಿ ಹೂವು ಅರಳಿ ವಾಸನೆ ಅಡಿಗೆಮನೆತನಕ ಬಂತು. ಲಿಲ್ಲಿಯಂತೆ, ನರ್ಸರಿಯಿಂದ ತಂದದ್ದಂತೆ. ನನ್ನ ಗಂಡನ ಊರು ಮಸರಕಲ್ಲಿನ ಹುಲ್ಲುಗಾವಲಲ್ಲಿ ಇಂಥದನ್ನು ಕುರಿಗಳೂ ಮೂಸುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು, ಮಾನ್ವಿಯಿಂದ ಅಲ್ಲಿಯ ಕುರಿಗಾರರ ಮನೆಗೆ ಸೊಸೆಯಾಗಿ ಹೋದೆ. ಮೊದಲ ಮಳೆ ಬಿದ್ದರೆ ಸಾಕು, ಎಲೆಯಿಲ್ಲದೆ ಬರೀ ಹೂವು ನೆಲದಿಂದ ಏಳುತ್ತಿದ್ದವು. ಒಂದು ಅಗಲವಾದ ಬಿಳಿಯದು, ಘಮ್ಮೆನ್ನುವುದು. ಇನ್ನೊಂದು ಕಾಡು ಉಳ್ಳಾಗಡ್ಡಿ: ಉದ್ದ ಕಡ್ಡಿ, ಅದರ ತುಂಬ ಮಾಸಿದ ಬಣ್ಣದ ಸಣ್ಣ ಹೂವು, ನೋಡಲು ಏನೂ ಇಲ್ಲ. ಬೇಲಿ ಹತ್ತುವ ಕೆಂಪು ಹಳದಿಯದೂ ಇತ್ತು. ಅದು ವಿಷವೆಂದು ಎಲ್ಲರಿಗೂ ಗೊತ್ತು. ಹೂವು ಉದುರಿ ಎಲೆ ಬಂದಮೇಲೆ ಮೊದಲಿನ ಎರಡೂ ನನ್ನ ಕಣ್ಣಿಗೆ ಒಂದೇ. ಕುರಿಯ ಗೊರಸು ಕೊಳೆತರೆ ಹಚ್ಚುವ ಗಡ್ಡೆಯನ್ನು ಎಲೆ ಬಂದಮೇಲೇ ಅಗೆಯಬೇಕು. ಅದಕ್ಕೆ ಹೂವಿದ್ದಾಗಲೇ ಪಕ್ಕದಲ್ಲಿ ಕಲ್ಲಿಟ್ಟು ಗುರುತು ಮಾಡುವುದು ಮನೆಯ ಹೆಂಗಸರ ಕೆಲಸ. ನಾನು ಹೋಗುವಷ್ಟರಲ್ಲಿ ಆ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ.

"ಔಷಧದ ಹೂವಿಗೆ ಕಲ್ಲಿಟ್ಟು ಬಾರವ್ವಾ," ಎಂದರು ಮಾವ. ಯಾವುದೆಂದು ಕೇಳಿದರೆ ದಡ್ಡಿ ಎಂದಾರೆಂದು ಕೇಳಲಿಲ್ಲ. ಔಷಧ ಅಂದಮೇಲೆ ಚೆಂದದ್ದೇ ಇರಬೇಕೆಂದು ಬಿಳಿಯವಕ್ಕೆಲ್ಲ ಕಲ್ಲಿಟ್ಟೆ.

ಆ ಮಳೆಗಾಲ ಮನೆಗಿದ್ದ ಒಂದೇ ಟಗರಿನ ಕಾಲು ಕೊಳೆಯಿತು. ಅದು ಹೋದರೆ ಮುಂದಿನ ವರ್ಷ ಮರಿಗಳಿಲ್ಲ. ಮಾವ ಗಡ್ಡೆ ಅರೆದು ಹಚ್ಚುತ್ತಿದ್ದಾಗ ನೆರೆಮನೆಯ ಮುದುಕಿ ಬಂದಳು.

"ಕಡ್ಡಿ ಹೂವಿನ ಗಡ್ಡಿ ಹಚ್ಚಾಕತ್ತಿಯೇನೋ? ಛಲೋ ಆತು ಬಿಡು."

ಔಷಧದ್ದು ಕಡ್ಡಿಯ ಹೂವಂತೆ, ನಾನು ಕಲ್ಲಿಟ್ಟದ್ದು ಬಿಳಿಯದಕ್ಕೆ! ಕೊಡ ಎತ್ತಿಕೊಂಡು ನೀರಿಗೆ ನಡೆದುಬಿಟ್ಟೆ. ಟಗರು ಎಂಟು ದಿನಕ್ಕೆ ಎದ್ದು ನನ್ನನ್ನೇ ಗುಮ್ಮಲು ಬಂತು.

ಈಗ ನೀವೇ ಹೇಳಿ, ನಾನೇನು ಮಾಡಲಿ? "ಸೊಸಿ ಕಣ್ಣು ಚುರುಕದ," ಎಂದು ಮಾವ ಊರೆಲ್ಲ ಹೊಗಳಿದರು. ಸಿರವಾರದಿಂದಲೂ ಗಡ್ಡೆ ಕೇಳಿಕೊಂಡು ಜನ ಬಂದರು. ಮರುವರ್ಷ ಕಡ್ಡಿ ಹೂವಿಗೆ ಕಲ್ಲಿಟ್ಟು ವಾಸಿಯಾಗದಿದ್ದರೆ? ಬಿಳಿಯದಕ್ಕೇ ಇಟ್ಟು ಬೇರೆಯವರ ಕುರಿ ಸತ್ತರೆ? ಕೈಯಲ್ಲಿ ಕಲ್ಲು ಹಿಡಿದು ನಿಂತು ನಿಂತು ಸಾಕಾಗಿ, ಮಾವನಿಗೆ ಹೇಳಿಯೇಬಿಟ್ಟೆ.

ಅವರು ಬೈಯಲಿಲ್ಲ. ತಲೆ ಕೆರೆದುಕೊಂಡರು. "ನಮ್ಮವ್ವ ಕಲ್ಲಿಡ್ತಿದ್ಲು, ನಾ ಅಗೀತಿದ್ದೆ. ಹೂವು ನಾ ಎಲ್ಲಿ ನೋಡೀನಿ? ನಿನಗ ಗೊತ್ತದ ಅಂತ ಮಾಡಿದ್ದೆ. ಈಗ ಮುದುಕಿ ಮಾತು ನಂಬ್ಲೋ, ಟಗರಿನ ಮಾತು ನಂಬ್ಲೋ?"

ಅಂದಿನಿಂದ ಬಂದವರಿಗೆಲ್ಲ ಇಬ್ಬರೂ ಗೊತ್ತಿಲ್ಲವೆಂದೇ ಹೇಳಿದೆವು. ಗುಟ್ಟು ಬಿಡುವುದಿಲ್ಲ ಈ ಮಂದಿ ಎಂದು ಬೈದುಕೊಂಡು ಹೋದರು.

ನಮ್ಮ ಮನೆಯ ಗಡ್ಡೆಯ ಸುದ್ದಿ ಕೇಳಿ ಗೊತ್ತಿದ್ದ ಅಳಿಯ ಇವತ್ತು ಒಡೆದ ಹಿಮ್ಮಡಿ ತೋರಿಸಿ ಕೇಳಿದ, "ಅತ್ತೀ, ಈ ಕುಂಡದ ಗಡ್ಡಿ ಇದಕ್ಕ ಬರ್ತದೇನ್ರಿ?"

"ಗೊತ್ತಿಲ್ಲಪ್ಪ. ದವಾಖಾನಿಗೆ ಹೋಗು."

"ಮುಚ್ಚಿಡ್ತೀರಿ ಬಿಡ್ರಿ," ಎಂದು ನಕ್ಕ.

ಇಷ್ಟು ವರ್ಷದಲ್ಲಿ ಗೊತ್ತಿಲ್ಲವೆಂಬ ನನ್ನ ಮಾತು ನಂಬಿದವರು ಒಬ್ಬರೂ ಇಲ್ಲ. ಇವತ್ತು ನನಗೇ ಅನುಮಾನ ಹತ್ತಿದೆ: ಒಂದು ವೇಳೆ ನನಗೆ ಗೊತ್ತಿದೆಯೇನೋ?