ಅವ್ವ ಸಾಕಿದ ಹುಳಗಳು

ನಮ್ಮವ್ವ ಮಾತಿಗೆ ನಿಂತರೆ ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಅರ್ಧ ಮಂದಿಯ ಪಲ್ಯ ಸೀದು ಹೋಗುತ್ತಿತ್ತು. ಅಂಥವಳು ಒಂದು ಬೇಸಿಗೆಯಲ್ಲಿ ಬಾಯಿಗೆ ಸೆರಗು ಹಿಡಿದವಳು ಹೂಂ, ಊಹೂಂಗೆ ಇಳಿದುಬಿಟ್ಟಳು. ವಸಡಿನಲ್ಲಿ ರಕ್ತ, ಬಾಯಲ್ಲಿ ವಾಸನೆ. ಮನೆ ಅಷ್ಟು ತಣ್ಣಗಾದದ್ದು ನನಗೆ ಸಹಿಸಲಾಗಲಿಲ್ಲ. ಗದಗ ಜಿಲ್ಲೆಯಾದ ಮೇಲೆ ಹಲ್ಲಿಗಾಗಿ ಹುಬ್ಬಳ್ಳಿಗೆ ಓಡುವುದು ತಪ್ಪಿತ್ತು. ಒತ್ತಾಯ ಮಾಡಿ ಗದಗಿನ ಬಸ್ಸು ಹತ್ತಿಸಿ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಹಲ್ಲಿಗೆ ಕಟ್ಟಿದ್ದ ಕಿಟ್ಟವನ್ನೆಲ್ಲ ಕೆರೆದು ತೆಗೆದರು. ಎರಡು ಹೊತ್ತು ಹಲ್ಲುಜ್ಜುವುದೇ ಮುಖ್ಯ ಔಷಧ ಎಂದರು. ಮೇಲೆ ಚೀಪುವ ಗುಳಿಗೆಯನ್ನೂ ಕೊಟ್ಟರು.

"ಇದರಾಗ ಒಳ್ಳೆ ಹುಳ ಅದಾವ್ರಿ ಅವ್ವಾರ, ಮೊಸರಿನಾಗ ಇರ್ತಾವಲ್ಲ, ಅಂಥವು. ಜೀವಂತ ಅದಾವು. ಮಲಗೋ ಮುಂದ ಹಲ್ಲು ತಿಕ್ಕಿ ಚೀಪ್ರಿ. ಸ್ವಲ್ಪ ನೆರವಾಗ್ತಾವು."

ಅಷ್ಟೂ ಮಾತಿನಲ್ಲಿ ಅವ್ವ ಹಿಡಿದುಕೊಂಡದ್ದು 'ಜೀವಂತ' ಎಂಬ ಒಂದೇ ಮಾತನ್ನು.

ಮುಂದಿನ ಸಲ ಹೋದಾಗ ವಸಡು ಇನ್ನೂ ಕೆಂಪಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, "ಗುಳಿಗಿ ಚೀಪಿದ ಮ್ಯಾಲ ಏನರ ತಿಂತೀರೇನ್ರಿ?" ಎಂದರು.

"ನಾ ಏನೂ ತಿನ್ನಂಗಿಲ್ರಿ," ಎಂದಳು ಅವ್ವ ಸೆರಗಿನೊಳಗಿಂದಲೇ. "ಅವಕ್ಕ ಒಂದು ವಾಟಗ ಹಾಲು-ಬೆಲ್ಲ ಕೊಡ್ತೀನಿ. ಹೆಪ್ಪು ಹಾಕಾಕ ಹಾಲು ಬ್ಯಾಡೇನ್ರಿ? ಜೀವ ಇದ್ದಾವನ್ನ ಉಪವಾಸ ಕೆಡವಿದ್ರ ಹೆಂಗ?"

ಡಾಕ್ಟರು ಕುರ್ಚಿ ಹಿಡಿದುಕೊಂಡು ನಕ್ಕರು. "ಬೆಲ್ಲ ಅಂದ್ರ ಕೆಟ್ಟ ಹುಳನೂ ಪಂಕ್ತಿಗೆ ಕುಂಡ್ರತಾವ್ರಿ. ಒಳ್ಳೇವಕ್ಕ ಉಣಸಬೇಕಂದ್ರ ಊಟದಾಗ ಹಸಿ ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ, ಕಾಯಿಪಲ್ಯ ತಿನ್ರಿ. ಹಲ್ಲು ತಿಕ್ಕಿದ ಮ್ಯಾಲ ನೀರು ಬಿಟ್ಟು ಏನೂ ಬ್ಯಾಡ."

ಅವ್ವನಿಗೆ ನಾಚಿಕೆಯೇನೂ ಆಗಲಿಲ್ಲ. ಇಷ್ಟು ದಿನ ವೈರಿಗಳಿಗೆ ಉಣಬಡಿಸಿದೆನಲ್ಲ ಎಂದು ಸಿಟ್ಟು ಬಂತು. ಅಂದಿನಿಂದ ತಾಟಿನಲ್ಲಿ ರೊಟ್ಟಿಗಿಂತ ಸೊಪ್ಪೇ ಹೆಚ್ಚು. ನಮ್ಮನ್ನೂ ಬಿಡಲಿಲ್ಲ. "ನಿಮ್ಮ ಬಾಯಾಗಿನವೂ ಪಾಪ ಹಸದಿರ್ತಾವು, ತಿನ್ರಿ" ಎಂದು ತಾಟಿಗೆ ಸುರಿಯುತ್ತಿದ್ದಳು. ಬೆಲ್ಲದ ಡಬ್ಬಿ ಮೇಲಿನ ಮಾಡಕ್ಕೆ ಹೋಯಿತು. ಬೆಲ್ಲವೆಂದರೆ ಪ್ರಾಣ ಬಿಡುವವಳು ಒಂದು ಮಾತೂ ಗೊಣಗಲಿಲ್ಲ.

ರಕ್ತ ನಿಂತಿತು, ವಾಸನೆಯೂ ಹೋಯಿತು. ಆದರೆ ಸೆರಗು ಇಳಿಯಲೊಲ್ಲದು. ವಾಸನೆ ಇಲ್ಲವೆಂದು ನಾವೆಷ್ಟು ಹೇಳಿದರೂ, "ನೀವು ಮನಿ ಮಂದಿ, ಹಂಗ ಹೇಳ್ತೀರಿ" ಎನ್ನುತ್ತಿದ್ದಳು.

ಕೊನೆಯ ಸಲ ತೋರಿಸಿಕೊಂಡು ಬರುವಾಗ ಶಿರಹಟ್ಟಿಯಲ್ಲಿ ಮುದುಕಿಯೊಬ್ಬಳು ಬಸ್ಸು ಹತ್ತಿ ಅವ್ವನ ಪಕ್ಕ ಕುಳಿತಳು. ಬೆಳ್ಳಟ್ಟಿಯವಳಂತೆ, ಕಿವಿ ಮಂದ. ಯಾವೂರು ಎಂದು ಕೇಳಿದಳು. ಅವ್ವ ಸೆರಗಿನೊಳಗೇ ಗುನುಗಿದಳು.

"ಕೇಳವಲ್ದವಾ, ಸೆರಗ ತಗದು ಹೇಳು," ಎಂದು ಮುದುಕಿ ಮುಖವನ್ನು ಅವ್ವನ ಬಾಯಿಯ ಹತ್ತಿರವೇ ತಂದಳು.

ಅವ್ವ ಒಮ್ಮೆ ನನ್ನನ್ನು ನೋಡಿದಳು. ಸೆರಗು ಇಳಿಸಿ ಊರಿನ ಹೆಸರು ಹೇಳಿದಳು. ಮುದುಕಿ ಮುಖ ಹಿಂದಕ್ಕೆ ಸರಿಸಲಿಲ್ಲ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದಳು.

ಅಷ್ಟು ಸಾಕಾಯಿತು. ಅವ್ವ ನನ್ನ ಹುಟ್ಟಿನಿಂದ ಶುರು ಮಾಡಿದಳು. ನನ್ನ ಮಾನವೆಲ್ಲ ಇಡೀ ಬಸ್ಸಿಗೆ ಹರಾಜಾಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೇಳು ಅವ್ವಾ, ಇನ್ನೂ ಹೇಳು ಎಂದುಕೊಂಡೆ.