ಸೊಪ್ಪು ತಿನ್ನುವ ಮೀನಿಗೆ ರೇಷ್ಮೆ ಹುಳು

"ತಿನ್ನಕ್ಕೆ ಏನ್ ಹಾಕ್ತಿದ್ರಿ ಸಾರ್?" ನಾನು ಡಬ್ಬಿಯಲ್ಲಿ ಒಯ್ದಿದ್ದ, ಹೊಟ್ಟೆ ಊದಿದ ನೀಲಿ ಮೀನನ್ನು ನೋಡಿ ಚಿಕ್ಕಬಳ್ಳಾಪುರದ ಅಕ್ವೇರಿಯಂ ಅಂಗಡಿಯವರು ಕೇಳಿದರು.

ಶಿಡ್ಲಘಟ್ಟದವನಾದ ನಾನು ಇನ್ನೇನು ಹಾಕಿಯೇನು? ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ರೇಷ್ಮೆ ಹುಳುವನ್ನು ಒಣಗಿಸಿ, ಪುಡಿ ಮಾಡಿ ಹಾಕುತ್ತಿದ್ದೆ. ನಮ್ಮಲ್ಲಿ ಕೋಳಿಗೂ ಅದೇ, ಕೆರೆಯ ಮೀನಿಗೂ ಅದೇ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಆಫ್ರಿಕಾದ ಸಿಕ್ಲಿಡ್ ಮೀನುಗಳಿಗೂ ಅದೇ ಆದೀತು ಎಂದುಕೊಂಡಿದ್ದೆ.

"ಇದು ಕಲ್ಲಿನ ಮೇಲಿನ ಪಾಚಿ ತಿನ್ನೋ ಜಾತಿ ಸಾರ್, ಹುಳ ತಿಂದ್ರೆ ಹೊಟ್ಟೆ ಹಿಂಗೇ ಊದ್ಕೊಳುತ್ತೆ. ಹುಳ ತಿನ್ನೋವನ್ನೂ ಇದ್ರ ಜೊತೇಲೇ ಸಾಕ್ತೀರ ಅಂದ್ರೆ, ಇದ್ರ ಊಟಾನೇ ಎಲ್ಲಕ್ಕೂ ಹಾಕ್ಬೇಕು, ಪಾಚಿ ಇಲ್ದಿದ್ರೆ ಬೇಯ್ಸಿದ ಸೊಪ್ಪಾದ್ರೂ ಸರಿ" ಎಂದರು.

ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ಶನಿವಾರ ನಾನು ಮಾಂಸ ಮುಟ್ಟಲ್ಲ ಅಂತ ನೀವೆಲ್ಲ ಸೊಪ್ಪಿನ ಸಾರಲ್ಲೇ ಉಣ್ಣಲ್ವೇನಪ್ಪ? ಇದೂ ಅಷ್ಟೇ" ಎಂದು ಪಾಲಕ್ ಬೇಯಿಸಲು ಎದ್ದಳು.

ನೀಲಿ ಮೀನು ಬದುಕಲಿಲ್ಲ. ಉಳಿದವಕ್ಕೆಲ್ಲ ಈಗ ಬೆಂದ ಪಾಲಕ್. ಹುಳು ತಿನ್ನುವ ದೊಡ್ಡ ಮೀನು ಅದನ್ನೇ ತಿಂದು, ಗಾಜಿನ ಹತ್ತಿರ ಬಂದು ಸುಮ್ಮನೆ ನನ್ನನ್ನು ನೋಡುತ್ತದೆ. ಆ ಮುಖವನ್ನು ನಾನು ಪ್ರತಿ ಶನಿವಾರ, ಊಟ ಮುಗಿಸಿ ಕೈ ತೊಳೆಯುವಾಗ ಕನ್ನಡಿಯಲ್ಲಿ ನೋಡಿದ್ದೇನೆ.